ಹೆಡ್‌ಲೈಟ್ ಮಿಣುಕಿದರೆ ಮೊದಲು ಅರ್ತ್ ನೋಡಿ

ಆಟಿ ತಿಂಗಳ ಮಳೆ. ಕುಂಬಳೆಯಿಂದ ಬದಿಯಡ್ಕದ ಕಡೆಗೆ ಬರುತ್ತಿದ್ದೆ. ಸೀತಾಂಗೋಳಿ ದಾಟಿದ ಮೇಲೆ ಕಾರಿನ ಎಡಗಡೆಯ ಹೆಡ್‌ಲೈಟ್ ಮಿಣುಕಲು ಶುರುವಾಯಿತು. ಚಕ್ರ ಹೊಂಡಕ್ಕೆ ಇಳಿದಾಗ ಮಂಕು, ಮೇಲೆ ಬಂದಾಗ ಮತ್ತೆ ಬೆಳಕು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಸರಿಯಾಗಿ ಹೆಡ್‌ಲೈಟೂ ಕಣ್ಣು ಮಿಟುಕಿಸುತ್ತಿತ್ತು. ಮಳೆಗಾಲದ ಸಂಜೆ ಕಪ್ಪು ಕೊಡೆ ಹಿಡಿದು ರಸ್ತೆ ಬದಿಯಲ್ಲಿ ನಡೆಯುವವರು ಕಾಣುವುದೇ ಕಷ್ಟ. ನಿಜಕ್ಕೂ ಹೆದರಿಕೆಯಾಯಿತು.

ಬಲ್ಬ್ ಹಳೆಯದಲ್ಲ. ಇದೇ ತೊಂದರೆಗೆಂದು ಎರಡು ತಿಂಗಳ ಹಿಂದಷ್ಟೇ ಬದಲಾಯಿಸಿದ್ದೆ. ಹ್ಯಾಲೊಜನ್ ಬಲ್ಬಿನ ಒಳತಂತಿ ಹೋದರೆ ಸಾಮಾನ್ಯವಾಗಿ ಒಮ್ಮೆಗೇ ಹೋಗುತ್ತದೆ. ದಿನಗಟ್ಟಲೆ ಮಿಣುಕುತ್ತಾ ಇದ್ದರೆ ಕರೆಂಟ್ ಓಡಾಡುವ ದಾರಿಯನ್ನೇ ಮೊದಲು ಸಂಶಯಪಡಬೇಕು.

ಈ ದಾರಿಗೆ ಎರಡು ಭಾಗ. ಬ್ಯಾಟರಿಯಿಂದ ಫ್ಯೂಸ್, ರಿಲೇ, ಸ್ವಿಚ್ ದಾಟಿ ಬಲ್ಬಿಗೆ ಬರುವುದು ಒಂದು. ಬಲ್ಬಿನಿಂದ ವಾಪಸ್ ಹೋಗುವುದು ಇನ್ನೊಂದು. ವಾಪಸ್ ಹೋಗಲು ಬ್ಯಾಟರಿವರೆಗೆ ಬೇರೆ ವಯರ್ ಇರುವುದಿಲ್ಲ. ಒಂದು ಗಿಡ್ಡ ವಯರನ್ನು ಬಾಡಿಯ ತಗಡಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಅಷ್ಟೇ. ಮುಂದಿನ ದಾರಿ ಬಾಡಿಯೇ. ಮೆಕ್ಯಾನಿಕ್‌ಗಳು ಅರ್ತ್ ಎನ್ನುವುದು ಇದನ್ನೇ. ನಮ್ಮೂರಿನಂಥ ಮಳೆಯ ಜಾಗದಲ್ಲಿ ಜಾಸ್ತಿ ಕೆಡುವುದೂ ಇದೇ.

ಸ್ಪ್ಯಾನರ್ ಹಿಡಿಯುವ ಮೊದಲು ರಾತ್ರಿ ಕಾರನ್ನು ಒಂದು ಗೋಡೆಯ ಎದುರು ನಿಲ್ಲಿಸಿ ಸುಮ್ನೆ ನೋಡಿ. ಎರಡೂ ಲೈಟ್ ಒಟ್ಟಿಗೆ ಮಿಣುಕಿ, ಆಕ್ಸಿಲರೇಟರ್ ಒತ್ತಿದಾಗ ಬೆಳಕು ಏರಿಳಿದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ), ಅದರ ಬೆಲ್ಟ್, ಬ್ಯಾಟರಿಯ ಟರ್ಮಿನಲ್ ಇವುಗಳ ಕಡೆ ತಿರುಗಬೇಕು. ಒಂದು ಮಾತ್ರ ಮಿಣುಕಿದರೆ ತೊಂದರೆ ಆ ಬದಿಯಲ್ಲೇ ಇದೆ. ಇಂಡಿಕೇಟರ್ ಜೊತೆ ಮಿಣುಕಿದರೆ ಇನ್ನೂ ಒಳ್ಳೆಯ ಸುಳಿವು. ಎರಡಕ್ಕೂ ಒಂದೇ ಅರ್ತ್ ಬೋಲ್ಟ್ ಇರಬಹುದು. ಇಂಡಿಕೇಟರ್ ಹತ್ತಿದಾಗೆಲ್ಲ ಅದರ ಕರೆಂಟೂ ಅದೇ ಕೆಟ್ಟ ಜೋಡಣೆಯಲ್ಲಿ ನುಗ್ಗುತ್ತದೆ, ಹೆಡ್‌ಲೈಟಿಗೆ ಸಿಗುವ ವೋಲ್ಟೇಜ್ ಆಗ ಇನ್ನಷ್ಟು ಇಳಿಯುತ್ತದೆ.

ಸಂಶಯವನ್ನು ಅಳೆದು ನೋಡಬಹುದು. ಮರುದಿನ ಭಾವ ಮಲ್ಟಿಮೀಟರ್ ತಂದರು. ಇಂಜಿನ್ ಬಂದ್, ಹೈ ಬೀಮ್ ಆನ್. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟೆವು. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಬಲ್ಬಿಗೆ ವಯರ್ ಸಿಕ್ಕಿಸುವ ಕಪ್ಲರ್ ಹಿಂಬದಿಯ ಅರ್ತ್ ವಯರಿಗೆ. ದಾರಿ ಸರಿಯಿದ್ದರೆ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು. 0.2 ವೋಲ್ಟ್ ದಾಟಿದರೆ ಸಂಶಯ.

“ಎಷ್ಟುಂಟು ಭಾವ?”

“ಒಂದು ಪಾಯಿಂಟ್ ಎರಡು!”

ಕೇಳಲು ಸಣ್ಣದು, ಅಲ್ವಾ? ಆದರೆ ಬ್ಯಾಟರಿಯಲ್ಲಿದ್ದದ್ದು 12.2 ವೋಲ್ಟ್. ಬಲ್ಬಿಗೆ ಉಳಿದದ್ದು 11. ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಒಳತಂತಿಯ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ತಂತಿಯ ಬಿಸಿ ಸ್ವಲ್ಪ ತಗ್ಗಿದರೂ ಕಣ್ಣಿಗೆ ಕಾಣುವ ಬೆಳಕು ಬೇಗನೆ ಕುಸಿಯುವುದೇ ಇದಕ್ಕೆ ಕಾರಣ. 60 ವ್ಯಾಟಿನ ಬಲ್ಬ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಅಂದರೆ ಆ ಬೋಲ್ಟಿನ ಜಾಗದಲ್ಲಿದ್ದ ತಡೆ ಕಾಲು ಓಮ್ ಕೂಡ ಇಲ್ಲ. ಅಷ್ಟರಲ್ಲೇ ಸುಮಾರು 6 ವ್ಯಾಟ್ ಶಾಖವಾಗಿ ಹೋಗುತ್ತಿತ್ತು.

ಎಡಗಡೆಯ ಲೈಟಿನ ಹಿಂದೆ, ನೀರು ಸಿಡಿಯುವ ಜಾಗದಲ್ಲೇ ಬೋಲ್ಟ್ ಇತ್ತು. ಮೇಲಿಂದ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ತಾಮ್ರದ ಎಳೆಗಳಲ್ಲಿ ಹಸಿರು ಕಿಲುಬು, ವಯರಿನ ತುದಿಯ ಲೋಹದ ರಿಂಗಿನ ಕೆಳಗೆ ಕಂದು ಹುಡಿ. ಬಿಗಿಯಿದ್ದರೂ ಕರೆಂಟ್ ಯಾಕೆ ಹೋಗುವುದಿಲ್ಲ? ಎರಡು ಮುರಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಪೂರ್ತಿ ಕೂತಂತೆ ಕಂಡರೂ ಅವು ತಾಗುವುದು ಉಬ್ಬಿದ ಕೆಲವೇ ಕಡೆಗಳಲ್ಲಿ. ನುಣುಪಾಗಿ ಕಾಣುವ ಲೋಹವೂ ಸೂಕ್ಷ್ಮವಾಗಿ ನೋಡಿದರೆ ಹೀಗೆಯೇ. ಅಷ್ಟೂ ಕರೆಂಟ್ ಆ ಕೆಲವು ತುದಿಗಳಲ್ಲೇ ಹಾಯಬೇಕು. ಅಲ್ಲಿ ತುಕ್ಕು ಹಿಡಿದರೆ ಉಳಿಯುವುದು ಬೆರಳೆಣಿಕೆಯ ತುದಿಗಳು. ಕಾರು ಕುಲುಕಿದಾಗ ಅವೂ ಬಿಟ್ಟು ಕೂಡುತ್ತವೆ. ಮಿಣುಕುವುದು ಆಗಲೇ. ಕಬ್ಬಿಣಕ್ಕೆ ತಾಮ್ರದಂಥ ಬೇರೆ ಲೋಹ ತಾಗಿ, ನಡುವೆ ನೀರು ಕೂತರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಕಬ್ಬಿಣ ಬೇಗ ಸವೆಯುತ್ತದೆ. ನೀರಲ್ಲಿ ಉಪ್ಪಿದ್ದರೆ ಇನ್ನೂ ಬೇಗ. ನನ್ನ ಕಾರು ಹಗಲಿಡೀ ಕುಂಬಳೆಯ ಕಡಲಗಾಳಿಗೆ ನಿಂತಿರುತ್ತದೆ.

ರಿಪೇರಿ ಅರ್ಧ ಗಂಟೆಯ ಕೆಲಸ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಕೊನೆಗೆ ಅದನ್ನೇ ಹಾಕಬೇಕು. ಬಾಡಿಯ ಆ ಜಾಗವನ್ನೂ ರಿಂಗನ್ನೂ ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿದೆವು. ಎಳೆಗಳು ಹಸಿರಾಗಿದ್ದ ತುದಿ ಕತ್ತರಿಸಿ ಹೊಸ ರಿಂಗ್ ಒತ್ತಿದೆವು. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಬಳಿದೆವು, ನೀರು ನುಗ್ಗದ ಹಾಗೆ. ಕೊಡಪಾನ ಬೆಳಗುವ ಹುಣಸೆಹುಳಿ ಇಲ್ಲಿ ಬೇಡ. ಕಿಲುಬು ಹೋಗುತ್ತದೆ, ಆದರೆ ಸಂದಿಯಲ್ಲಿ ಉಳಿದ ಹುಳಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಹುಡಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು.

ಅರ್ತ್ ಸರಿಯಿದ್ದೂ ಮಿಣುಕಿದರೆ ಬಲ್ಬಿನ ಕಪ್ಲರ್ ನೋಡಿ. ಪ್ಲಾಸ್ಟಿಕ್ ಕರಗಿ ಕಂದಾಗಿದ್ದರೆ ಬದಲಾಯಿಸಲೇಬೇಕು. ಅಡಿಕೆ ರಾಶಿಯ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಇಲಿ ಕಡಿದ ವಯರನ್ನೂ ಹುಡುಕಿ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದು ಹಾಕಲೇಬೇಡಿ, ವಯರಿಗೆ ಬೆಂಕಿ ಹಿಡಿಯಬಹುದು. ಹಳೆಯ ಹೋಲ್ಡರಿಗೆ ಎಲ್‌ಇಡಿ ಹಾಕಿದ ಮೇಲೆ ಮಿಣುಕು ಶುರುವಾಗಿದ್ದರೆ ಕಾರಣವೇ ಬೇರೆ. ಕೆಲವು ಕಾರುಗಳ ಕಂಪ್ಯೂಟರ್ ಕರೆಂಟನ್ನು ಚೂರುಚೂರಾಗಿ ಕಳಿಸುತ್ತದೆ. ಬಿಸಿ ತಂತಿಗೆ ಅಷ್ಟರಲ್ಲಿ ಆರಲು ಸಮಯವಿಲ್ಲ, ಎಲ್‌ಇಡಿ ಮಾತ್ರ ಕೂಡಲೇ ಆರಿ ಹತ್ತುತ್ತದೆ. ಝೆನಾನ್ ಲೈಟಿಗೆ ಮನೆಯಲ್ಲಿ ಕೈ ಹಾಕಬೇಡಿ. ಹತ್ತುವ ಕ್ಷಣ ಅದರಲ್ಲಿ 20,000 ವೋಲ್ಟ್ ಇರುತ್ತದೆ.

ಬೋಲ್ಟ್ ಬಿಗಿದು ಮತ್ತೆ ಅಳೆದಾಗ ಮೀಟರ್ 0.04 ತೋರಿಸಿತು. ಬಲಗಡೆಯದನ್ನೂ ಅಳೆದೆವು, ಅಲ್ಲಿ 0.3. ಅದನ್ನೂ ಅವತ್ತೇ ಬಿಚ್ಚಿ ಉಜ್ಜಿದೆವು. ಕತ್ತಲಾದ ಮೇಲೆ ಶೆಡ್ಡಿನ ಗೋಡೆಗೆ ಲೈಟ್ ಹಾಕಿ ಎಡ ಇಂಡಿಕೇಟರ್ ಒತ್ತಿದೆ. ಭಾವ ಬಾನೆಟನ್ನು ಎರಡು ಸಲ ಗುದ್ದಿದರು. ಗೋಡೆಯ ಮೇಲಿನ ಎರಡೂ ಬೆಳಕು ಅಲುಗಲಿಲ್ಲ.