ಅಸಲಿ ಮ್ಯಾಂಚೆಸ್ಟರ್‌ಗಾಗಿ ಎದ್ದ ಬಂದರು

ಕಾರವಾರದ ಬಂದರು ಗಲಾಟೆ ಪೇಪರಿನಲ್ಲಿ ಬಂದಾಗಲೆಲ್ಲ ನಾವು ದಾವಣಗೆರೆಯವರು ಪುಟ ತಿರುಗಿಸಿಬಿಡುತ್ತೇವೆ. ಘಟ್ಟದ ಕೆಳಗಿನ ಉಸಾಬರಿ ನಮಗ್ಯಾಕೆ, ಅಲ್ವಾ? ಆದರೆ ಈ ಕಥೆ ಶುರುವಾಗುವುದು ನಮ್ಮ ಕಡೆಯ ಎರೆಹೊಲದಲ್ಲೇ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಮೆಣಸು ಮಾರಿದ್ದು, ಕೆಳದಿಯವರು, ಹೈದರ್, ಟಿಪ್ಪು, ಆಮೇಲೆ 1799ರಲ್ಲಿ ಕಂಪನಿ ಸರ್ಕಾರ. ಇಷ್ಟನ್ನು ಒಂದೇ ಉಸಿರಲ್ಲಿ ದಾಟೋಣ. ಬಂದರಿನ ಹಣೆಬರಹ ಬದಲಿಸಿದ್ದು ಹತ್ತಿ.

ಧಾರವಾಡ, ಗದಗ, ಹಾವೇರಿ ಸೀಮೆಯ ಜವಾರಿ ಹತ್ತಿ ಹೇರೆತ್ತಿನ ಬೆನ್ನೇರಿ ಘಟ್ಟ ಇಳಿದು ಕುಮಟಾ ಸೇರುತ್ತಿತ್ತು. ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬೈಗೆ. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಮುಂಬೈ, ಲಿವರ್‌ಪೂಲ್ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’! ಘಟ್ಟದ ಸಾಗಣೆಯಲ್ಲಿ ಲಂಬಾಣಿಗರ ಕೈ ದೊಡ್ಡದು. ಹೋಗುವಾಗ ಹತ್ತಿ, ಬರುವಾಗ ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಇವತ್ತೂ ಉಪ್ಪು ಬೆಳೆಯುತ್ತಾರೆ. ನಮ್ಮ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ವರ್ಷವರ್ಷ ಮಾಲೆ ಹಾಕಿಕೊಂಡು ಬರುವ, ಲಂಬಾಣಿಗರ ಗುರು ಸೇವಾಲಾಲರ ಭಕ್ತರ ಹಿರಿಯರಲ್ಲಿ ಈ ದಾರಿ ಸವೆಸಿದವರು ಎಷ್ಟು ಮಂದಿಯೋ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಮಿಲ್ಲುಗಳಿಗೆ ಅಲ್ಲಿನ ಹತ್ತಿ ನಿಂತಿತು. ಬಟ್ಟೆ ಮಿಲ್ಲುಗಳ ಊರಾದ ಮ್ಯಾಂಚೆಸ್ಟರ್‌ನವರಿಗೆ ನಮ್ಮ ಸೀಮೆಯ ಹತ್ತಿ ಬೇಕಾಯಿತು. ಆದರೆ ಕುಮಟಾ ತೆರೆದ ಕಡಲು, ಮಳೆಗಾಲದಲ್ಲಿ ದೋಣಿ ನಿಲ್ಲುವುದಿಲ್ಲ. ಕಾರವಾರಕ್ಕೆ ಗುಡ್ಡ, ನಡುಗಡ್ಡೆಗಳ ಆಸರೆ ಇದೆ. ಮ್ಯಾಂಚೆಸ್ಟರ್‌ನವರ ಒತ್ತಾಯ ಎಷ್ಟಿತ್ತೆಂದರೆ 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1864ರಲ್ಲಿ ಕಾರವಾರದೆದುರಿನ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ಎದ್ದಿತು. ಹತ್ತಿ ಒತ್ತುವ ಯಂತ್ರಗಳು ಹಡಗಿನಲ್ಲಿ ಕಾರವಾರದ ಪಕ್ಕದ ಸದಾಶಿವಗಡಕ್ಕೆ ಬಂದವು. ಯಂತ್ರ ಬಂತು, ಘಟ್ಟದ ರಸ್ತೆ ಮಾತ್ರ ಮುಗಿದಿರಲಿಲ್ಲ. (ರಸ್ತೆ ಕಾಮಗಾರಿಯ ಈ ಪದ್ಧತಿ ಬ್ರಿಟಿಷರ ಕಾಲದ್ದೇ ಅನ್ನಿ.) 1865ಕ್ಕೆ ಯುದ್ಧ ಮುಗಿಯಿತು, ಹತ್ತಿ ರೇಟು ಬಿತ್ತು. ಕಾರವಾರಕ್ಕೆ ಆಸೆ ತೋರಿಸಿದ್ದ ರೈಲು ಬರಲೇ ಇಲ್ಲ. 1880ರ ದಶಕದಲ್ಲಿ ರೈಲು ಗೋವಾದ ಮರ್ಮಗೋವಾ ಕಡೆ ಹೋಯಿತು. ಹತ್ತಿಯೂ ಅದರ ಹಿಂದೆ ಹೋಯಿತು. ಕುಮಟಾ, ಕಾರವಾರ ಎರಡೂ ಮಂಕಾದವು.

ಆಮೇಲಿನ ನೂರು ವರ್ಷಕ್ಕೆ ಹೇಳುವಷ್ಟು ಸುದ್ದಿ ಕಡಿಮೆ. 2005ರಲ್ಲಿ ನೌಕಾಪಡೆಯ ಕದಂಬ ನೆಲೆ ಬಂತು. ಅದಕ್ಕಾಗಿ ಕಡಲ ದಂಡೆಯ ಊರುಗಳು ಎದ್ದು ಹೋದವು. 2020ರಲ್ಲಿ ಬಂದರು ವಿಸ್ತರಣೆ ಬೇಡವೆಂದು ಮೀನುಗಾರರು ಬೀದಿಗಿಳಿದರು. ಉಳಿದಿರುವ ಕಡಲತೀರವೂ ಹೋದರೆ ಬಲೆ ಎಲ್ಲಿ ಒಣಗಿಸುವುದು ಎಂಬುದು ಅವರ ಪ್ರಶ್ನೆ. ವಿಷಯ ಕೋರ್ಟಿಗೂ ಹೋಯಿತು.

ಹಾಗಂತ ‘ಪರಂಪರೆ ಉಳಿಸಿ’ ಅನ್ನುವ ಮಾತಿಗೇನೂ ಬರವಿಲ್ಲ. ಕಾರವಾರದ ಕಡಲ ದಂಡೆಯಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ಪಕ್ಕದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವೂ ಬಂದು ನಿಂತಿದೆ. ಮಕ್ಕಳಿಗೆ ಖುಷಿ, ನನಗೂ ಖುಷಿಯೇ. ಆದರೆ ಹಾಯಿದೋಣಿ, ಹತ್ತಿ ಅಂಡಿಗೆ, ಉಪ್ಪಿನ ಚೀಲ ಇವುಗಳ ಕಥೆ ಹೇಳುವ ಜಾಗ ಯಾವುದು? ಅತ್ತ ಸದಾಶಿವಗಡದ ಗುಡ್ಡವನ್ನೇ ಸೀಳಿಕೊಂಡು ಹೆದ್ದಾರಿ ಹೋಗಿದೆ.

ಗೊಂದಲ ಇರುವುದು ‘ಸ್ಮಾರಕ’ ಅನ್ನುವ ಪದದಲ್ಲಿ ಅಂತ ನನಗನ್ನಿಸುತ್ತದೆ. ಕೋಟೆ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಚಿತ್ರದುರ್ಗದ ಕೋಟೆಗೆ ಪುರಾತತ್ವ ಇಲಾಖೆಯ ಕಾವಲಿದೆ, ಸುತ್ತ 100 ಮೀಟರ್ ಹೊಸದಾಗಿ ಏನೂ ಕಟ್ಟುವಂತಿಲ್ಲ. ಗೋದಾಮು, ಧಕ್ಕೆ, ಎತ್ತಿನ ದಾರಿಗೆ ಆ ಮರ್ಯಾದೆ ಸಿಗುವುದು ಕಷ್ಟ. ನಾವೇನು ಕಡಿಮೆ? ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಹೆಸರು ಹೊತ್ತ ಊರಿನಲ್ಲಿ ದಾವಣಗೆರೆ ಕಾಟನ್ ಮಿಲ್ಲಿನ ನೆನಪು ಈಗ ಡಿಸಿಎಂ ಟೌನ್‌ಶಿಪ್ ಅನ್ನುವ ವಿಳಾಸದಲ್ಲಿದೆ. ಅಲ್ಲಿನ ಹುಡುಗರನ್ನು ಡಿಸಿಎಂ ಅಂದರೇನು ಅಂತ ಕೇಳಿ ನೋಡಿ, ಉಪಮುಖ್ಯಮಂತ್ರಿ ಅಂದಾರು.

ಹಾವೇರಿಯಿಂದ ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ. ಹತ್ತಿ ಇಳಿಯುತ್ತಿದ್ದದ್ದು ಈ ಘಟ್ಟದಲ್ಲೇ. ನಾನು ಹೋದಾಗ ತಿರುವಿಗೊಂದು ‘ನಿಧಾನವಾಗಿ ಚಲಿಸಿ’ ಬೋರ್ಡು ಕಂಡಿತು. ಹತ್ತಿಯ ಸುದ್ದಿ ಹೇಳುವ ಬೋರ್ಡು ಒಂದೂ ಕಣ್ಣಿಗೆ ಬೀಳಲಿಲ್ಲ.