ಕೂಲಿಗೆ ನಗದು, ತನಗೆ ಕಾಗದ: ರೈಲು ಗುತ್ತಿಗೆದಾರ ಪೀಟೋ ಮುಳುಗಿದ್ದು ಹೇಗೆ?

ಲಂಡನ್ನಿಗೆ ಹೋದವರು ಟ್ರಫಾಲ್ಗರ್ ಚೌಕದ ನೆಲ್ಸನ್ ಕಂಬದ ಕೆಳಗೆ ಒಂದು ಫೋಟೋ ತೆಗೆಸಿಕೊಂಡೇ ಬರುತ್ತಾರೆ. ಆ ಕಂಬವನ್ನು, ಅಲ್ಲಿನ ಸಂಸತ್ ಭವನದ ಬಹುಭಾಗವನ್ನು ಕಟ್ಟಿದ ಗುತ್ತಿಗೆದಾರರಲ್ಲಿ ಒಬ್ಬ ಸ್ಯಾಮ್ಯುಯೆಲ್ ಮಾರ್ಟನ್ ಪೀಟೋ. ಹುಟ್ಟಿದ್ದು 1809ರಲ್ಲಿ. ಕಟ್ಟಡ ಕೆಲಸದಿಂದ ರೈಲಿನ ಕಡೆ ಹೊರಳಿ ದೊಡ್ಡ ಕುಳವಾದ.

ಆಗ ಹಳಿಗೆ ಮಣ್ಣು ಅಗೆಯುವವರಿಗೆ ಎಷ್ಟೋ ಕಡೆ ಸಂಬಳ ತಿಂಗಳಿಗೊಮ್ಮೆ. ನಡುವೆ ಹೊಟ್ಟೆ ಹಸಿದರೆ? ಗುತ್ತಿಗೆದಾರ ಒಂದು ಚೀಟಿ ಕೊಡುತ್ತಿದ್ದ. ಅದು ನಡೆಯುವುದು ಅವನ ಕಡೆಯವರ ಅಂಗಡಿಯಲ್ಲಿ ಮಾತ್ರ. ಮಾಲು ಕಳಪೆ, ರೇಟು ಜಾಸ್ತಿ. ಪೀಟೋ ಈ ಚೀಟಿ ವ್ಯವಹಾರಕ್ಕೆ ಇಳಿಯಲಿಲ್ಲ. ವಾರ ವಾರ ನಗದು ಎಣಿಸಿ ಕೊಟ್ಟ. 1846ರಲ್ಲಿ ರೈಲು ಕೂಲಿಗಳ ಸ್ಥಿತಿ ವಿಚಾರಿಸಿದ ಸಂಸತ್ ಸಮಿತಿಯ ಮುಂದೆಯೂ ಇದನ್ನೇ ಹೇಳಿದ. ಮರುವರ್ಷ ನಾರ್ವಿಚ್‌ನಿಂದ ಲಿಬರಲ್ ಸಂಸದನಾದ.

1854ರ ಚಳಿಗಾಲ. ರಷ್ಯಾ ವಿರುದ್ಧ ಬ್ರಿಟನ್ ಕಾದಾಡುತ್ತಿದ್ದ ಕ್ರಿಮಿಯಾ ಯುದ್ಧ. ಬಾಲಕ್ಲಾವಾ ಬಂದರಿನಲ್ಲಿ ಸಾಮಾನು ರಾಶಿ ಬಿದ್ದಿದೆ, ಏಳೆಂಟು ಮೈಲಿ ಆಚೆ ಸೈನಿಕರು ಹಸಿವಿನಿಂದ, ಚಳಿಯಿಂದ ಸಾಯುತ್ತಿದ್ದಾರೆ. ನಡುವಿನ ದಾರಿ ಮೊಣಕಾಲುದ್ದ ಕೆಸರು. ಪೀಟೋ ಪಾಲುದಾರರ ಜೊತೆ ಸೇರಿ ಲಾಭವಿಲ್ಲದೆ ರೈಲು ಹಾಕಿಕೊಡುತ್ತೇನೆಂದ. ಸರ್ಕಾರಿ ಗುತ್ತಿಗೆ ಹಿಡಿದವರು ಸಂಸತ್ತಿನಲ್ಲಿ ಕೂರುವ ಹಾಗಿರಲಿಲ್ಲ. ಅದಕ್ಕೇ ಸೀಟನ್ನೂ ಬಿಟ್ಟ. ಸುಮಾರು ಏಳು ವಾರದಲ್ಲಿ ಹಳಿ ಸೇನೆಯ ಬಿಡಾರ ಮುಟ್ಟಿತು. 1855ರಲ್ಲಿ ‘ಸರ್’ ಪದವಿ ಬಂತು.

ಮುಂದಿನದು ಕಾಗದದ ಕಥೆ. ಲಂಡನ್, ಚಾಟಂ ಅಂಡ್ ಡೋವರ್ ರೈಲು ಕಂಪನಿಗೆ ಲಂಡನ್ನಿನೊಳಗೆ ದಾರಿ ಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಹಾಗಾಗಿ ಕೆಲಸದ ಬಾಬ್ತಿಗೆ ತನ್ನದೇ ಷೇರು, ಸಾಲಪತ್ರ ಕೊಟ್ಟಿತು. ಪೀಟೋ ಅವನ್ನು ಅಡವಿಟ್ಟು ಸಾಲ ಎತ್ತಬೇಕು, ಆ ದುಡ್ಡಲ್ಲಿ ಕೂಲಿ ಕೊಡಬೇಕು. ಇದೂ ಒಂಥರಾ ಅಂಗಡಿ ಚೀಟಿಯೇ ಅಲ್ವಾ? ಅವನು ಅಮಾಯಕ ಎನ್ನಲೂ ಆಗದು. ಬಾರದ ದುಡ್ಡನ್ನು ಷೇರಿನ ಬಾಬ್ತು ಬಂದಿದೆ ಎಂದು ಲೆಕ್ಕದಲ್ಲಿ ತೋರಿಸಿದ್ದು ಆಮೇಲೆ ಬಯಲಾಯಿತು.

1866ರ ಮೇ 10ರಂದು ಓವರೆಂಡ್ ಗರ್ನಿ ಎಂಬ ದೊಡ್ಡ ಲೇವಾದೇವಿ ಸಂಸ್ಥೆ ಬಾಗಿಲು ಹಾಕಿತು. ಪೇಟೆಯಲ್ಲಿ ಸಾಲ ಹುಟ್ಟುವುದೇ ಕಷ್ಟವಾಗಿ, ಮಾರನೇ ದಿನವೇ ಪೀಟೋ ಸಂಸ್ಥೆಯೂ ಪಾವತಿ ನಿಲ್ಲಿಸಿತು. ಆಗ ಅವನು ಬ್ರಿಸ್ಟಲ್‌ನ ಸಂಸದ. 1868ರಲ್ಲಿ ಆ ಸೀಟೂ ಹೋಯಿತು. ರಾಜಕೀಯದಲ್ಲಿ ಪರಸ್ಪರ ಬದ್ಧ ಎದುರಾಳಿಗಳಾದ ನಾಯಕರು ಗ್ಲಾಡ್‌ಸ್ಟನ್, ಡಿಸ್ರೇಲಿ ಇಬ್ಬರೂ ಸದನದಲ್ಲಿ ಅವನ ಬಗ್ಗೆ ಒಳ್ಳೆಯ ಮಾತಾಡಿದರು. 1889ರಲ್ಲಿ ತೀರಿಕೊಂಡ.

ಚಾಟಂ ಅಂಡ್ ಡೋವರ್ ಕಂಪನಿಯ 1864ರ ರೈಲು ಸೇತುವೆಯ ಕೆಂಪು ಕಂಬಗಳು ಬ್ಲಾಕ್‌ಫ್ರಯರ್ಸ್ ಬಳಿ ಥೇಮ್ಸ್ ನದಿಯಲ್ಲಿ ಇನ್ನೂ ನಿಂತಿವೆ. ಮೇಲೆ ಹಳಿ ಇಲ್ಲ.