ಒಂದು ಕಿಲೋ ಇಳಿಸಲು ಎಷ್ಟು ಹಣ?

2010ರ ಆರಂಭದಲ್ಲಿ ಪೋರ್ಷೆ ಕಂಪನಿ ತನ್ನ 911 ಜಿಟಿ3 ಕಾರಿಗೆ ಹೊಸದೊಂದು ಆಪ್ಷನ್ ಕೊಟ್ಟಿತು: ಲಿಥಿಯಂ-ಅಯಾನ್ ಸ್ಟಾರ್ಟರ್ ಬ್ಯಾಟರಿ. ಮಾಮೂಲಿ ಸೀಸದ ಬ್ಯಾಟರಿಯ ಜಾಗದಲ್ಲೇ ಕೂರುವ ಇದರ ತೂಕ ಆರು ಕಿಲೋಗಿಂತ ಕಡಿಮೆ. ಉಳಿತಾಯ ಹತ್ತು ಕಿಲೋಗೂ ಮೇಲೆ. ಜರ್ಮನಿಯಲ್ಲಿ ಬೆಲೆ 1,904 ಯೂರೋ. ತಮಾಷೆಯೆಂದರೆ, ಇದರ ಜೊತೆಗೆ ಮಾಮೂಲಿ ಬ್ಯಾಟರಿಯೊಂದನ್ನೂ ಕೊಡುತ್ತಿದ್ದರು. ಹೊರಗಿನ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಆ ಲಿಥಿಯಂ ಬ್ಯಾಟರಿಯ ಕಸುವು ಕುಗ್ಗುತ್ತಿತ್ತು. ಎಂಜಿನ್ ಏಳುವ ಭರವಸೆ ಇರಲಿಲ್ಲ. ಚಳಿಗಾಲ ಬಂದರೆ ಹಳೆಯದನ್ನೇ ಎತ್ತಿ ಕೂರಿಸಬೇಕು.

ನಗು ಬರುವಂತಿದೆಯಲ್ಲವೆ? ಆದರೆ ಸೂಪರ್‌ಕಾರ್‌ಗಳ ಲೋಕದಲ್ಲಿ ಇದು ಅಗ್ಗದ ವ್ಯವಹಾರ. ಲೆಕ್ಕ ಹಾಕಿದರೆ ಒಂದು ಕಿಲೋ ಇಳಿಸಲು 190 ಯೂರೋ ಆಯಿತು. 2017ರಲ್ಲಿ ಅದೇ ಕಂಪನಿ 911 ಟರ್ಬೊ ಎಸ್ ಕಾರಿನ ವಿಶೇಷ ಆವೃತ್ತಿಗೆ ಕಾರ್ಬನ್ ಫೈಬರ್ ಹೆಣೆದು ಮಾಡಿದ ಚಕ್ರಗಳನ್ನು ಪ್ರಕಟಿಸಿತು. ನಾಲ್ಕು ಚಕ್ರಗಳ ಬೆಲೆ 15,232 ಯೂರೋ, ನಾಲ್ಕೂ ಸೇರಿ ಇಳಿಯುವ ತೂಕ 8.5 ಕಿಲೋ. ಅಂದರೆ ಕಿಲೋಗೆ ಸುಮಾರು 1,790 ಯೂರೋ, ಬ್ಯಾಟರಿಯ ಒಂಬತ್ತು ಪಟ್ಟಿಗೂ ಹೆಚ್ಚು. ಇಳಿದದ್ದು ಅದೇ ಕಿಲೋ ಆದರೆ ಬೆಲೆಯಲ್ಲಿ ಇಷ್ಟು ಅಂತರ ಏಕೆ? ಕೊಟ್ಟ ಹಣಕ್ಕೆ ತಕ್ಕ ಫಲ ಸಿಗುತ್ತದೆಯೆ?

ಈ ಪ್ರಶ್ನೆ ಕೆಲವೇ ಸಿರಿವಂತರದ್ದು, ನಿಜ. ಹಾಗಿದ್ದೂ ಅದರ ಹಿಂದಿರುವ ವಹಿವಾಟು ಸಣ್ಣದಲ್ಲ. 2024ರಲ್ಲಿ ಫೆರಾರಿ ಜಗತ್ತಿನಾದ್ಯಂತ ಗ್ರಾಹಕರಿಗೆ ಒಪ್ಪಿಸಿದ್ದು 13,752 ಕಾರು. ಕಾರು ಮತ್ತು ಬಿಡಿಭಾಗಗಳಿಂದ ಅದಕ್ಕೆ ಬಂದ ಆದಾಯದಲ್ಲಿ ಸುಮಾರು ಐದನೇ ಒಂದು ಪಾಲು ಗ್ರಾಹಕರು ತಮ್ಮ ಇಷ್ಟಕ್ಕೆ ಮಾಡಿಸಿಕೊಂಡ ಬದಲಾವಣೆಗಳದ್ದೇ. ಬಣ್ಣ, ಹೊಲಿಗೆ, ಕಾರ್ಬನ್ ಪಟ್ಟಿ, ಸೀಟು, ಚಕ್ರ ಎಲ್ಲವೂ ಅದರಲ್ಲಿವೆ. ಇವುಗಳಲ್ಲಿ ಕಾರಿನ ನಡತೆಯನ್ನೇ ಬದಲಿಸುವಂಥವು ಯಾವುವು, ಮನಸ್ಸನ್ನು ಮಾತ್ರ ಮುಟ್ಟುವಂಥವು ಯಾವುವು ಎಂಬುದನ್ನು ಭೌತವಿಜ್ಞಾನ ಸಾಕಷ್ಟು ಸ್ಪಷ್ಟವಾಗಿಯೇ ಹೇಳುತ್ತದೆ.

ಚಕ್ರದಿಂದಲೇ ಶುರು ಮಾಡೋಣ. ಕಾರಿನ ಒಳಗಿರುವ ಬ್ಯಾಟರಿ ಮುಂದಕ್ಕೆ ಸಾಗಿದರೆ ಸಾಕು. ಚಕ್ರ ಸಾಗಲೂ ಬೇಕು, ಸುತ್ತಲೂ ಬೇಕು; ಎಂಜಿನ್ ಎರಡಕ್ಕೂ ಶಕ್ತಿ ಕೊಡಬೇಕು. ತೂಕವೆಲ್ಲ ಚಕ್ರದ ಅಂಚಿನಲ್ಲೇ ಇದೆ ಎಂದುಕೊಂಡರೆ ಸುತ್ತಲು ಬೇಕಾದ ಶಕ್ತಿ ಸಾಗಲು ಬೇಕಾದಷ್ಟೇ ಆಗುತ್ತದೆ. ಆದ್ದರಿಂದ ಚಕ್ರದಲ್ಲಿ ಇಳಿಸಿದ ಒಂದು ಕಿಲೋ, ವೇಗ ಹೆಚ್ಚಿಸುವಾಗ ಹೆಚ್ಚೆಂದರೆ ಎರಡು ಕಿಲೋ ಇಳಿಸಿದ್ದಕ್ಕೆ ಸಮ. ಹೆಚ್ಚೆಂದರೆ, ಅಷ್ಟೆ. ಮೂರು ಪಟ್ಟು, ಏಳು ಪಟ್ಟು ಎಂದೆಲ್ಲ ಹೇಳುವವರಿದ್ದಾರೆ. ಗಣಿತ ಅದನ್ನು ಒಪ್ಪುವುದಿಲ್ಲ. 8.5 ಕಿಲೋ ಎಂದರೆ 17 ಕಿಲೋ ಆಯಿತು. 1,600 ಕಿಲೋ ತೂಗುವ ಕಾರಿನಲ್ಲಿ ಅದು ಶೇಕಡಾ ಒಂದರಷ್ಟು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಮೂರು ಸೆಕೆಂಡ್ ಹಿಡಿಯುವ ಕಾರು ಇದರಿಂದ ಗಳಿಸುವುದು ಸೆಕೆಂಡಿನ ನೂರನೇ ಮೂರು ಭಾಗ. ಟ್ಯಾಂಕಿನಲ್ಲಿ ಪೆಟ್ರೋಲ್ 23 ಲೀಟರ್ ಕಡಿಮೆ ಹಾಕಿಸಿದರೂ ಅದೇ ಲಾಭ, ಅದೂ ಪುಕ್ಕಟೆ.

ಹಾಗೆಂದು ಆ ಚಕ್ರ ಬರೀ ಶೋಕಿ ಎನ್ನಲಾಗದು. ಅದರ ನಿಜವಾದ ಕೆಲಸ ಬೇರೆ ಕಡೆ ಇದೆ. ಕಾರಿನ ಮೈಯನ್ನು ಸ್ಪ್ರಿಂಗ್‌ಗಳು ಹೊತ್ತಿರುತ್ತವೆ. ಸ್ಪ್ರಿಂಗ್‌ಗಳ ಕೆಳಗೆ ಚಕ್ರ, ಟೈರ್, ಬ್ರೇಕ್ ಡಿಸ್ಕ್ ಇರುತ್ತವೆ. ರಸ್ತೆಯ ಉಬ್ಬು ಚಕ್ರವನ್ನು ಮೇಲಕ್ಕೆ ಒದೆಯುತ್ತದೆ. ಮತ್ತೆ ಅದನ್ನು ನೆಲಕ್ಕೆ ಒತ್ತುವ ಕೆಲಸ ಸ್ಪ್ರಿಂಗಿನದು. ಚಕ್ರ ಭಾರವಾಗಿದ್ದಷ್ಟೂ ಅದು ನೆಲಕ್ಕೆ ಮರಳುವುದು ತಡ. ಆ ನಡುವಿನ ಗಳಿಗೆಯಲ್ಲಿ ಟೈರ್ ನೆಲವನ್ನು ಸಡಿಲವಾಗಿ ಮುಟ್ಟಿರುತ್ತದೆ, ಮರುಗಳಿಗೆ ಜೋರಾಗಿ ಅದುಮುತ್ತದೆ. ಸಡಿಲವಾದಾಗ ಕಳೆದುಕೊಂಡ ಹಿಡಿತವನ್ನು ಜೋರಾಗಿ ಅದುಮಿದಾಗ ಪೂರ್ತಿ ಮರಳಿ ಗಳಿಸಲು ರಬ್ಬರಿಗೆ ಆಗುವುದಿಲ್ಲ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗದು, ಅದಕ್ಕಿಂತ ಕಡಿಮೆಯೇ. ಹೀಗೆ ಉಬ್ಬುತಗ್ಗಿನ ತಿರುವಿನಲ್ಲಿ ಹಗುರ ಚಕ್ರದ ಕಾರಿಗೆ ನೆಲದ ಮೇಲೆ ಹೆಚ್ಚು ಹಿಡಿತ. ಸ್ಟೀರಿಂಗ್ ಹಿಡಿದ ಕೈಗೂ ಅದು ತಿಳಿಯುತ್ತದೆ. ನುಣುಪಾದ ಹೆದ್ದಾರಿಯಲ್ಲಿ ನೇರ ಓಡಿಸುವವರಿಗೆ ಏನೂ ತಿಳಿಯದು.

ಇನ್ನು ಬ್ರೇಕ್. ದುಬಾರಿ ಆಪ್ಷನ್‌ಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಕಾರ್ಬನ್ ಸೆರಾಮಿಕ್ ಬ್ರೇಕ್‌ಗಳ ಬಗ್ಗೆ. ಪೋರ್ಷೆ ಇವನ್ನು 2001ರಲ್ಲಿ 911 ಜಿಟಿ2 ಕಾರಿನೊಂದಿಗೆ ರಸ್ತೆಗಿಳಿಸಿತು. ಅದರ ಹಳದಿ ಕ್ಯಾಲಿಪರ್‌ಗಳು, ಅಂದರೆ ಡಿಸ್ಕನ್ನು ಅದುಮಿ ಹಿಡಿಯುವ ಇಕ್ಕಳಗಳು, ಇಂದಿಗೂ ಅಂತಸ್ತಿನ ಗುರುತು. ಈ ಡಿಸ್ಕ್ ತಯಾರಾಗುವ ರೀತಿ ಸೊಗಸಾಗಿದೆ. ತುಂಡರಿಸಿದ ಕಾರ್ಬನ್ ನಾರನ್ನು ರಾಳದೊಂದಿಗೆ ಕಲಸಿ ಅಚ್ಚಿಗೆ ಒತ್ತುತ್ತಾರೆ. ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಸುಮಾರು 900 ಡಿಗ್ರಿಯಲ್ಲಿ ಬೇಯಿಸಿದಾಗ ರಾಳವೂ ಇಂಗಾಲವಾಗಿ, ಒಳಗೆಲ್ಲ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಆಮೇಲೆ ಇನ್ನೂ ಹೆಚ್ಚಿನ ಶಾಖದಲ್ಲಿ ಕರಗಿದ ಸಿಲಿಕಾನನ್ನು ಆ ರಂಧ್ರಗಳು ತಾವಾಗಿಯೇ ಹೀರಿಕೊಳ್ಳುತ್ತವೆ. ಸಿಲಿಕಾನ್ ಕರಗುವುದೇ 1,414 ಡಿಗ್ರಿಯಲ್ಲಿ. ಹೀರಿಕೊಂಡ ಸಿಲಿಕಾನ್ ಇಂಗಾಲದೊಡನೆ ಸೇರಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಅದು ಎಷ್ಟು ಗಟ್ಟಿಯೆಂದರೆ ಉಜ್ಜಿ ನಯಗೊಳಿಸಲು ವಜ್ರದ ಉಪಕರಣವೇ ಬೇಕು. ಇಷ್ಟೆಲ್ಲ ಆದಮೇಲೆ ಬೆಲೆ ಹೆಚ್ಚಾಗದೆ ಇನ್ನೇನು!

ಇಷ್ಟು ಹಣ ಕೊಟ್ಟವರಿಗೆ ಕಾರು ಬೇಗ ನಿಲ್ಲಬೇಕಲ್ಲ? ಸಾಮಾನ್ಯ ರಸ್ತೆಯಲ್ಲಿ ಹಾಗೇನೂ ಬೇಗ ನಿಲ್ಲುವುದಿಲ್ಲ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರ್. ಪೆಡಲ್ ಜೋರಾಗಿ ಒತ್ತಿದಾಗ, ಚಕ್ರ ಸುತ್ತುವುದು ನಿಂತು ಜಾರದಂತೆ ತಡೆಯುವ ಎಬಿಎಸ್ ಕೆಲಸ ಶುರುಮಾಡಿತೆಂದರೆ ಟೈರಿನ ಹಿಡಿತ ಮುಗಿಯಿತು, ಬ್ರೇಕಿನ ಬಲ ಇನ್ನೂ ಉಳಿದಿದೆ ಎಂದರ್ಥ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಕಾರು ಒಳ್ಳೆಯ ಟೈರಿನ ಮೇಲೆ ಸುಮಾರು 36 ಮೀಟರಿನಲ್ಲಿ ನಿಲ್ಲುತ್ತದೆ. ಡಿಸ್ಕ್ ಬೀಡು ಕಬ್ಬಿಣದ್ದೋ ಸೆರಾಮಿಕ್‌ನದೋ ಎಂದು ಆ 36 ಮೀಟರ್ ಕೇಳುವುದಿಲ್ಲ.

ಕೇಳುವುದು ಯಾವಾಗ ಎಂದರೆ ಶಾಖದ ಪ್ರಶ್ನೆ ಎದ್ದಾಗ. ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. 1,600 ಕಿಲೋ ಕಾರಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 0.6 ಮೆಗಾಜೂಲ್‌ನಷ್ಟು ಶಕ್ತಿ ಇದ್ದರೆ, 300ರಲ್ಲಿ ಅದರ ಒಂಬತ್ತು ಪಟ್ಟು, ಸುಮಾರು 5.5 ಮೆಗಾಜೂಲ್. ತಣ್ಣೀರು ಹಂಡೆಯಲ್ಲಿ ಹದಿನಾರು ಲೀಟರ್ ಇದ್ದರೆ ಅದನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ ಅದು, ಅದೂ ಎಂಟೇ ಸೆಕೆಂಡಿನಲ್ಲಿ. ಗಾಳಿಯ ತಡೆ ಸ್ವಲ್ಪ ಪಾಲು ಹೊತ್ತುಕೊಂಡರೂ ಉಳಿದದ್ದೆಲ್ಲ ನಾಲ್ಕು ಡಿಸ್ಕ್‌ಗಳಿಗೆ. ರೇಸ್ ಟ್ರ್ಯಾಕಿನಲ್ಲಿ ಇದು ಪ್ರತಿ ಸುತ್ತಿನಲ್ಲೂ ಹಲವು ಬಾರಿ ನಡೆಯುತ್ತದೆ. ಅಲ್ಲಿ ಕಬ್ಬಿಣದ ಡಿಸ್ಕ್ ಕಾದು ಬಿರುಕು ಬಿಡಬಹುದು, ಸೆರಾಮಿಕ್ ತಡೆದುಕೊಳ್ಳುತ್ತದೆ.

ವಿಚಿತ್ರವೆಂದರೆ ಟ್ರ್ಯಾಕಿನಲ್ಲಿ ತುಂಬ ಓಡಿಸುವವರಲ್ಲಿ ಅನೇಕರು ಕಬ್ಬಿಣವನ್ನೇ ಆರಿಸುತ್ತಾರೆ. ಮಿತಿಮೀರಿ ಕಾದಾಗ ಡಿಸ್ಕಿನೊಳಗಿನ ಇಂಗಾಲ ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಉರಿದುಹೋಗುತ್ತದೆ. ಡಿಸ್ಕಿನ ದಪ್ಪ ಅಷ್ಟೇ ಇದ್ದರೂ ಒಳಗೊಳಗೆ ತೂಕ ಇಳಿದಿರುತ್ತದೆ. ಅದಕ್ಕೇ ಈ ಡಿಸ್ಕ್‌ಗಳ ಮೇಲೆ ಕನಿಷ್ಠ ತೂಕವನ್ನು ಕೊರೆದಿರುತ್ತಾರೆ. ಸವೆತ ತಿಳಿಯಲು ಬಿಚ್ಚಿ ತಕ್ಕಡಿಗೆ ಹಾಕಬೇಕು. ಬದಲಿಸಬೇಕಾಗಿ ಬಂದರೆ ಖರ್ಚು ಎದೆ ನಡುಗಿಸುವಂಥದ್ದು. ಹಾಗಾದರೆ ಇದರ ಲಾಭ ಯಾರಿಗೆ? ಆಗಾಗ ಮಾತ್ರ ಟ್ರ್ಯಾಕಿಗೆ ಹೋಗುವವರಿಗೆ. ಜೊತೆಗೆ, ಕಪ್ಪು ಧೂಳು ಮೆತ್ತದ, ತುಕ್ಕು ಹಿಡಿಯದ ಬ್ರೇಕ್ ಬೇಕೆನ್ನುವವರಿಗೆ. ತೂಕದ ಲಾಭವಂತೂ ಇದ್ದೇ ಇದೆ: ಸೆರಾಮಿಕ್ ಡಿಸ್ಕ್ ಕಬ್ಬಿಣದ್ದರ ಅರ್ಧದಷ್ಟು ತೂಗುತ್ತದೆ, ಮತ್ತು ಆ ತೂಕ ಇಳಿಯುವುದು ಸ್ಪ್ರಿಂಗಿನ ಕೆಳಗೆ. ನನ್ನ ಮಟ್ಟಿಗೆ ಆ ಒಂದು ಕಾರಣವೇ ನಿಲ್ಲಿಸುವ ಶಕ್ತಿಯ ಮಾತಿಗಿಂತ ದೊಡ್ಡದು.

ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಅದುಮುವ ರೆಕ್ಕೆಗಳ ಕಥೆಯೂ ವೇಗದ ವರ್ಗದ ಕಥೆಯೇ. ಈಗಿನ ತಲೆಮಾರಿನ 911 ಜಿಟಿ3 ಆರ್‌ಎಸ್ ಗಂಟೆಗೆ 285 ಕಿಲೋಮೀಟರ್ ವೇಗದಲ್ಲಿ 860 ಕಿಲೋ ಭಾರ ಹೇರಿದಂತೆ ನೆಲಕ್ಕೆ ಒತ್ತಿಕೊಳ್ಳುತ್ತದೆ. ಮಾಂಟೈ ಎಂಬ ರೇಸಿಂಗ್ ಸಂಸ್ಥೆ ಸಿದ್ಧಪಡಿಸಿದ ಹೆಚ್ಚುವರಿ ಕಿಟ್ ಹಾಕಿಸಿದರೆ ಅದು ಸಾವಿರ ಕಿಲೋ ದಾಟುತ್ತದೆ. ಇದು ಅದ್ಭುತ ಎಂಜಿನಿಯರಿಂಗ್, ಅನುಮಾನವಿಲ್ಲ. ಆದರೆ ವೇಗ 60ಕ್ಕೆ ಇಳಿದರೆ ಈ ಒತ್ತಡ ಇಪ್ಪತ್ತನೇ ಒಂದು ಭಾಗಕ್ಕೂ ಕೆಳಗೆ ಕುಸಿಯುತ್ತದೆ. ಕಿಟ್ ತಂದ 140 ಕಿಲೋ ಹೆಚ್ಚಳ ಆಗ ಆರು ಕಿಲೋ. ಡಿಕ್ಕಿಯಲ್ಲೊಂದು ಚೀಲ ಇಟ್ಟಷ್ಟು.

ಒಳಗಿನ ಕಾರ್ಬನ್ ಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಡ್ಯಾಶ್‌ಬೋರ್ಡ್ ಮೇಲಿನ ಪ್ಲಾಸ್ಟಿಕ್ ಪಟ್ಟಿ ಮೊದಲೇ ಹಗುರ. ಅದನ್ನು ಕಾರ್ಬನ್ ಮಾಡಿದರೆ ಇಳಿಯುವ ತೂಕ ಗ್ರಾಂಗಳಲ್ಲಿ. ಕಾರಿನ ಒಡಲಿನ ಚೌಕಟ್ಟನ್ನೇ ಕಾರ್ಬನ್‌ನಲ್ಲಿ ಕಟ್ಟಿದ 1992ರ ಮೆಕ್‌ಲಾರೆನ್ ಎಫ್1ನಂಥ ಕಾರಿನ ಹೆಸರಿನ ಬಲದ ಮೇಲೆ ಈ ಪಟ್ಟಿಗಳು ಮಾರಾಟವಾಗುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಬೇರೆ. ಎಲ್ಲ ಆಪ್ಷನ್‌ಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದು. ವೇಗದ ಸುದ್ದಿಯನ್ನೇ ಎತ್ತುವುದಿಲ್ಲ, ಚೆಂದ ಕಾಣುತ್ತೇನೆ ಎನ್ನುತ್ತದೆ, ಕಾಣುತ್ತದೆ. ನೋಡುವ ಕೋನ ಬದಲಾದಂತೆ ಹಸಿರಿನಿಂದ ನೇರಳೆಗೆ ಹೊರಳುವ ಬಣ್ಣಗಳನ್ನೇ ನೋಡಿ. ಅವುಗಳಲ್ಲಿ ಬೆಳಕು ಹೀರುವ ವರ್ಣದ್ರವ್ಯವಿಲ್ಲ. ಸುಮಾರು ಒಂದು ಮೈಕ್ರಾನ್ ದಪ್ಪದ ಚಕ್ಕೆಗಳಿವೆ, ಅಷ್ಟೆ. ಒಂದೊಂದು ಚಕ್ಕೆಯಲ್ಲೂ ಐದು ಪದರ. ನಡುವೆ ಕನ್ನಡಿಯಂಥ ಅಲ್ಯೂಮಿನಿಯಂ, ಅದರ ಎರಡೂ ಬದಿ ಪಾರದರ್ಶಕ ಮೆಗ್ನೀಸಿಯಂ ಫ್ಲೋರೈಡ್, ಹೊರಗೆ ಬೆಳಕನ್ನು ಅರ್ಧ ಬಿಟ್ಟು ಅರ್ಧ ತಡೆಯುವ ಕ್ರೋಮಿಯಂ. ಹೊರಪದರದಿಂದ ಮರಳಿದ ಬೆಳಕೂ ಒಳಗಿನ ಕನ್ನಡಿಯಿಂದ ಮರಳಿದ ಬೆಳಕೂ ಸೇರುವಾಗ ಕೆಲವು ತರಂಗಾಂತರಗಳು ಒಂದನ್ನೊಂದು ಬಲಪಡಿಸುತ್ತವೆ, ಕೆಲವು ಅಳಿಸಿಹಾಕುತ್ತವೆ. ಓರೆಯಾಗಿ ನೋಡಿದಾಗ ಈ ಲೆಕ್ಕ ಬದಲಾಗಿ, ಬಲಗೊಳ್ಳುವ ಬಣ್ಣ ನೀಲಿಯ ಕಡೆಗೆ ಸರಿಯುತ್ತದೆ. ಖೋಟಾ ನೋಟು ತಡೆಯಲು ಬಳಸುವ, ಬಣ್ಣ ಬದಲಿಸುವ ಶಾಯಿಯಲ್ಲಿರುವುದೂ ಇದೇ ತಂತ್ರ. ಮ್ಯಾಟ್ ಬಣ್ಣ ಬಯಸುವವರಿಗೆ ಮಾತ್ರ ಒಂದು ಎಚ್ಚರಿಕೆ: ಮೇಲ್ಮೈಯ ಸೂಕ್ಷ್ಮ ಒರಟುತನದಿಂದಲೇ ಅದಕ್ಕೆ ಆ ಮಂಕು ಚೆಲುವು. ಗೀರು ಬಿದ್ದರೆ ಪಾಲಿಶ್ ಮಾಡುವಂತಿಲ್ಲ. ಉಜ್ಜಿದಲ್ಲಿ ಹೊಳಪು ಬಂದು ಕಲೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಗೊತ್ತಿದ್ದವರೂ ಆಪ್ಷನ್ ಪಟ್ಟಿಯ ಮುಂದೆ ಕುಳಿತಾಗ ಕೈ ಸಡಿಲ ಬಿಡುತ್ತಾರೆ. 1981ರಲ್ಲಿ ಮನೋವಿಜ್ಞಾನಿಗಳಾದ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ ಪ್ರಕಟಿಸಿದ ಪ್ರಯೋಗವೊಂದು ಇದನ್ನು ವಿವರಿಸುತ್ತದೆ. ನೀವು 15 ಡಾಲರಿನ ಕ್ಯಾಲ್ಕುಲೇಟರ್ ಕೊಳ್ಳಲು ಬಂದಿದ್ದೀರಿ, ಇಪ್ಪತ್ತು ನಿಮಿಷ ದೂರದ ಇನ್ನೊಂದು ಅಂಗಡಿಯಲ್ಲಿ ಅದು 10 ಡಾಲರ್, ಹೋಗುತ್ತೀರಾ? ಶೇಕಡಾ 68 ಮಂದಿ ಹೋಗುತ್ತೇವೆ ಎಂದರು. ಕ್ಯಾಲ್ಕುಲೇಟರಿನ ಬೆಲೆ 125 ಡಾಲರ್, ಅಲ್ಲಿ 120 ಎಂದಾಗ ಹೊರಟವರು ಶೇಕಡಾ 29 ಮಾತ್ರ. ಉಳಿಯುವುದು ಎರಡೂ ಕಡೆ ಅದೇ ಐದು ಡಾಲರ್, ಹಿಡಿಯುವುದು ಅದೇ ಇಪ್ಪತ್ತು ನಿಮಿಷ. ಮನಸ್ಸು ಹಣವನ್ನು ಹಣವಾಗಿ ಅಳೆಯದೆ ಪಕ್ಕದಲ್ಲಿರುವ ದೊಡ್ಡ ಮೊತ್ತದ ಪಾಲಾಗಿ ಅಳೆಯುತ್ತದೆ. ಎರಡೂವರೆ ಲಕ್ಷ ಯೂರೋ ಕಾರಿನ ಪಕ್ಕದಲ್ಲಿ ಹದಿನೈದು ಸಾವಿರ ಯೂರೋ ಚಕ್ರ ಶೇಕಡಾ ಆರು. ಅದೇ ಹದಿನೈದು ಸಾವಿರವನ್ನು ಒಂದು ವರ್ಷ ಬಿಟ್ಟು, ಬಿಡಿಯಾಗಿ ಕೊಡಿ ಎಂದರೆ ಎಷ್ಟು ಮಂದಿ ಕೊಟ್ಟಾರು?

ಆ ಪ್ರಶ್ನೆಯನ್ನು ಕೇಳಿಕೊಂಡ ಮೇಲೂ ನಾನು ಉಳಿಸಿಕೊಳ್ಳುವ ಆಪ್ಷನ್ ಒಂದಿದೆ: ಮೂತಿ ಎತ್ತುವ ಲಿಫ್ಟ್. ಗುಂಡಿ ಒತ್ತಿದರೆ ಕಾರಿನ ಮುಂಭಾಗ ಕೆಲವು ಸೆಂಟಿಮೀಟರ್ ಮೇಲೇಳುತ್ತದೆ. ಹಂಪ್ ದಾಟುವಾಗ, ಕಡಿದಾದ ಇಳಿಜಾರು ಇಳಿಯುವಾಗ ಕೆಳಗಿನ ಕಾರ್ಬನ್ ತುಟಿ ನೆಲಕ್ಕೆ ಉಜ್ಜಿ ಚೂರಾಗುವುದಿಲ್ಲ. ತೂಕ ಇಳಿಸುವುದಿರಲಿ, ಸ್ವಲ್ಪ ಏರಿಸುತ್ತದೆ. ಆದರೂ ಪ್ರತಿ ಪ್ರಯಾಣದಲ್ಲಿ ಕೆಲಸಕ್ಕೆ ಬರುತ್ತದೆ.

ಉಳಿದ ಹಣ ಟೈರಿಗೆ. ಸೂಪರ್‌ಕಾರ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅವುಗಳ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ವರ್ಷ ಕಳೆದಂತೆ ರಬ್ಬರ್ ಗಡುಸಾಗಿ, ಗೀರುಗಳ ಆಳ ಹೊಸದರಷ್ಟೇ ಇದ್ದರೂ ಹಿಡಿತ ಇಳಿದಿರುತ್ತದೆ. ಆಗ ಸೆರಾಮಿಕ್ ಬ್ರೇಕ್, ಕಾರ್ಬನ್ ಚಕ್ರ, ರೆಕ್ಕೆ ಎಲ್ಲವೂ ಆ ಗಡುಸು ರಬ್ಬರಿನ ಮೂಲಕವೇ ನೆಲವನ್ನು ಮುಟ್ಟಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೇ ವಾರದ್ದು.